ಮೈಕ್ ಆಫ್ ಆದಮೇಲಿನ ಬನಾರಸ್

ಬನಾರಸ್‌ನಲ್ಲಿ ಬೆಳಗಿನ ಜಾವ ಮೂರೂವರೆಗೆ ಆಟೋ ಸಿಗುವುದು ಕಷ್ಟವೇನಲ್ಲ. ವಿಶ್ವನಾಥನ ದರ್ಶನಕ್ಕೆ ಹೊರಟವರು, ರಾತ್ರಿ ರೈಲಿನಿಂದ ಇಳಿದವರು, ಹಳ್ಳಿಯಿಂದ ಹೆಣದ ಜೊತೆ ಬಂದು ಕೆಲಸ ಮುಗಿಸಿ ತಲೆಗೆ ಟವೆಲ್ ಸುತ್ತಿಕೊಂಡು ಮರಳುವವರು, ಎಲ್ಲರೂ ಆ ಹೊತ್ತಿಗೆ ರಸ್ತೆಯಲ್ಲಿ ಇರುತ್ತಾರೆ. ಇವರ ನಡುವೆ ಹೆಗಲಿಗೆ ಸೌಂಡ್ ಬ್ಯಾಗು, ಕೈಯಲ್ಲಿ ಉದ್ದನೆಯ ಬೂಮ್ ಕೋಲು ಹಿಡಿದುಕೊಂಡು ನಾನು. "ಭೈಯಾ, ಮೀನು ಹಿಡಿಯೋಕೆ ಹೊರಟ್ರಾ?" ಅಂತ ಮೊದಲ ವಾರ ಒಬ್ಬ ಆಟೋದವನು ಕೇಳಿದ್ದ. ಆಮೇಲೆ ಅವನೇ ನನ್ನ ಖಾಯಂ ಸಾರಥಿಯಾದ.

ನನ್ನದು ಟಿವಿ ಕೆಲಸ. ಕ್ಯಾಮೆರಾ ಮುಂದೆ ನಿಲ್ಲುವವನಲ್ಲ, ಹಿಂದೆ ನಿಲ್ಲುವವನೂ ಅಲ್ಲ, ಪಕ್ಕದಲ್ಲಿ ಮೈಕು ಹಿಡಿದು ನಿಲ್ಲುವವನು. ನೋಯ್ಡಾದ ಒಂದು ನಿರ್ಮಾಣ ಸಂಸ್ಥೆ ಬೆಳಗಿನ ಭಕ್ತಿ ಕಾರ್ಯಕ್ರಮಕ್ಕಾಗಿ ಐದು ಜನರ ಯೂನಿಟ್ಟನ್ನು ಕಾಶಿಗೆ ಕಳಿಸಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಬಂದವನು ಮರುವರ್ಷದ ನವೆಂಬರ್‌ವರೆಗೆ ಇದ್ದೆ. ಹುಬ್ಬಳ್ಳಿಯಿಂದ ಅವ್ವ ಫೋನಿನಲ್ಲಿ, "ಅಲ್ಲೋ ತಮ್ಮಾ, ಇದು ಕಾಶಿಗೆ ಹೋಗೂ ವಯಸ್ಸೇನೋ? ಮದಿವಿ ದಿನ ಛತ್ರಿ ಹಿಡಕೊಂಡು ನಾಕು ಹೆಜ್ಜಿ ಹೋಗ್ತಾರ, ಅಷ್ಟ ಸಾಕಿತ್ತು" ಅಂದಿದ್ದಳು. ನಮ್ಮಲ್ಲಿ ಕಾಶಿ ಅಂದರೆ ಎಲ್ಲ ಮುಗಿದಮೇಲೆ ಹೋಗುವ ಊರು. ಇಪ್ಪತ್ತೇಳರ ವಯಸ್ಸಿಗೆ ಅಲ್ಲಿ ಬಾಡಿಗೆ ಮನೆ ಹುಡುಕುವುದು ಯಾರ ಲೆಕ್ಕದಲ್ಲೂ ಇರಲಿಲ್ಲ.

ಮನೆ ಸಿಕ್ಕಿದ್ದು ಶಿವಾಲಾದ ಒಂದು ಗಲ್ಲಿಯಲ್ಲಿ. ಎರಡನೇ ಮಹಡಿಯ ಒಂದು ಕೋಣೆ, ಮೇಲೆ ಮಂಗಗಳ ಹಾವಳಿಯ ತಾರಸಿ. ಹನ್ನೊಂದಕ್ಕೆ ಶಿಫ್ಟ್ ಮುಗಿದರೆ ಕಚೋರಿ, ಪಲ್ಯ, ಬಿಸಿ ಜಿಲೇಬಿ. ಚಳಿಗಾಲದಲ್ಲಿ ಮಾತ್ರ ಸಿಗುವ ಮಲಯ್ಯೊ ಎಂಬ ಹಾಲಿನ ನೊರೆಯ ಸಿಹಿಗೆ ಮನಸೋಲದವರಿಲ್ಲ. ಇಷ್ಟೆಲ್ಲ ತಿಂದು ಎರಡು ತಿಂಗಳಾದ ಮೇಲೆ ಇಡ್ಲಿ ನೆನಪಾದರೆ ಹನುಮಾನ್ ಘಾಟ್ ಕಡೆ ಹತ್ತು ನಿಮಿಷದ ನಡಿಗೆ. ಅಲ್ಲಿ ದಕ್ಷಿಣದವರು ತಲೆಮಾರುಗಳಿಂದ ನೆಲೆಸಿದ್ದಾರೆ. ಅದರ ಪಕ್ಕದಲ್ಲೇ ನಮ್ಮ ಕರ್ನಾಟಕ ಘಾಟ್, ಅದನ್ನು ದಾಟಿದರೆ ಹರಿಶ್ಚಂದ್ರ ಘಾಟ್. ಅಂದರೆ ಕನ್ನಡದ ಹೆಸರಿರುವ ಮೆಟ್ಟಿಲಿಗೂ ಸುಡುಗಾಡಿಗೂ ನಡುವೆ ಇರುವುದು ಕೆಲವೇ ಹೆಜ್ಜೆ. ಗೋದೌಲಿಯಾ ಕಡೆ ನಡೆದರೆ ಜಂಗಮವಾಡಿ ಮಠ, ಅಲ್ಲಿನ ಅಂಗಳದಲ್ಲಿ ಧಾರವಾಡದ ಕನ್ನಡ, ಕಲಬುರಗಿಯ ಕನ್ನಡ ಎರಡೂ ಕಿವಿಗೆ ಬೀಳುತ್ತವೆ. 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಭಾರತ್ ಗೌರವ್ ಕಾಶಿ ದರ್ಶನ ರೈಲು ಹೊರಟ ಮೇಲಂತೂ ಘಾಟ್‌ನಲ್ಲಿ "ಏ, ಚಪ್ಲಿ ಎಲ್ಲಿಟ್ಟಿ?" ಎಂಬ ಕೂಗು ಕೇಳದ ವಾರವಿರಲಿಲ್ಲ. ಕಿವಿಯಲ್ಲಿ ಹೆಡ್‌ಫೋನ್ ಇದ್ದಾಗ ಆ ಕೂಗು ಮೈಕಿನ ಮೂಲಕವೇ ಬರುತ್ತಿತ್ತು. ಯಾರಿಗೂ ಹೇಳದೆ ಒಬ್ಬನೇ ನಗುತ್ತಿದ್ದೆ.

ಟಿವಿಗೆ ಬೇಕಾದ ಕಾಶಿ ಬಹಳ ಚಿಕ್ಕದು. ಎಂಬತ್ತನಾಲ್ಕು ಘಾಟ್‌ಗಳ ಊರಿನಲ್ಲಿ ನಮ್ಮ ಕ್ಯಾಮೆರಾ ನಿಲ್ಲುತ್ತಿದ್ದದ್ದು ಆರೇಳು ಕಡೆ. ಆರತಿಯ ಜ್ವಾಲೆ, ಹಾರುವ ಪಾರಿವಾಳ, ದೋಣಿಯ ಹಿಂದೆ ಏಳುವ ಸೂರ್ಯ. ನನ್ನ ಪಾಲಿನ ಕೆಲಸವೂ ಅದೇ ಬಗೆಯದು: ಮಂತ್ರ ಇರಲಿ, ಶಂಖ ಇರಲಿ, ಹಾರ್ನ್ ಬೇಡ, ಬೋಟಿನ ಇಂಜಿನ್ ಬೇಡ, ಜಗಳ ಬೇಡ. ದೋಣಿಗಳು ಡೀಸೆಲ್ ಬಿಟ್ಟು ಸಿಎನ್‌ಜಿಗೆ ಬದಲಾಗುತ್ತಿದ್ದ ಕಾಲ ಅದು, ನಮ್ಮಂಥವರಿಗೆ ಸ್ವಲ್ಪ ನೆಮ್ಮದಿ. ವರುಣಾ ಮತ್ತು ಅಸ್ಸಿ ಎಂಬ ಎರಡು ನದಿಗಳಿಂದ ವಾರಾಣಸಿ ಎಂಬ ಹೆಸರು ಬಂತು ಎಂದು ನಿರೂಪಕರು ಸೊಗಸಾಗಿ ಹೇಳುತ್ತಿದ್ದರು. ಆ ಅಸ್ಸಿ ಈಗ ಚರಂಡಿ, ಊರಿನವರು ಅದನ್ನು ಕರೆಯುವುದೂ ಅಸ್ಸಿ ನಾಲಾ ಎಂದೇ. ಆ ಸಾಲು ಹೇಳುವಾಗ ಕ್ಯಾಮೆರಾ ಆಕಾಶದ ಕಡೆ ತಿರುಗುತ್ತಿತ್ತು.

ಸುಳ್ಳು ಹೇಳುತ್ತಿದ್ದೆವು ಅನ್ನಲಾರೆ. ತೋರಿಸಿದ್ದೆಲ್ಲ ಅಲ್ಲಿ ಇದ್ದದ್ದೇ. ಆದರೆ ಶಿಫ್ಟ್ ಮುಗಿದ ಮೇಲೆ ನಾನು ಬದುಕುತ್ತಿದ್ದ ಊರಿಗೂ ಬೆಳಗ್ಗೆ ನಾವು ಕತ್ತರಿಸಿ ಕಳಿಸುತ್ತಿದ್ದ ಊರಿಗೂ ಸಂಬಂಧ ಕಡಿಮೆಯಾಗುತ್ತಾ ಹೋಯಿತು. ಆ ಎರಡನ್ನೂ ಮತ್ತೆ ಹೊಲಿದದ್ದು ಸಂಗೀತ ಮತ್ತು ಸಲಿಕೆ.

ಮೊದಲು ಸಂಗೀತ. 2015ರಲ್ಲಿ ಯುನೆಸ್ಕೊ ವಾರಾಣಸಿಯನ್ನು ಸಂಗೀತದ ನಗರಗಳ ಪಟ್ಟಿಗೆ ಸೇರಿಸಿತು. ಊರಿನವರಿಗೆ ಅದೇನು ಹೊಸ ಸುದ್ದಿಯಾಗಿರಲಿಕ್ಕಿಲ್ಲ. ಅಸ್ಸಿ ಘಾಟ್‌ನಲ್ಲಿ 2014ರಿಂದ ದಿನಾ ಸೂರ್ಯೋದಯಕ್ಕೆ 'ಸುಬಹ್-ಎ-ಬನಾರಸ್' ನಡೆಯುತ್ತದೆ. ಆರತಿ ಮುಗಿದ ಮೇಲೆ ಯಾರಾದರೊಬ್ಬರು ಬೆಳಗಿನ ರಾಗ ಹಾಡುತ್ತಾರೆ ಅಥವಾ ನುಡಿಸುತ್ತಾರೆ. ಮಹಾಶಿವರಾತ್ರಿಯ ಹೊತ್ತಿಗೆ ತುಳಸಿ ಘಾಟ್‌ನಲ್ಲಿ ಧ್ರುಪದ್ ಮೇಳ, 1975ರಲ್ಲಿ ಶುರುವಾದದ್ದು. ಪಖಾವಾಜ್ ನಾದವನ್ನು ನದಿಯ ಗಾಳಿಯಲ್ಲಿ ಕೇಳಬೇಕು, ಯಾವ ಸ್ಟುಡಿಯೋದಲ್ಲೂ ಆ ತೂಕ ಬರುವುದಿಲ್ಲ. ಇದನ್ನು ಸೌಂಡ್ ಕೆಲಸ ಮಾಡುವವನಾಗಿಯೇ ಹೇಳುತ್ತಿದ್ದೇನೆ.

ಇವೆಲ್ಲಕ್ಕಿಂತ ದೊಡ್ಡದು ಸಂಕಟಮೋಚನ ಸಂಗೀತ ಸಮಾರೋಹ. ತುಳಸೀದಾಸರು ಸ್ಥಾಪಿಸಿದರೆಂದು ನಂಬುವ ಹನುಮಂತನ ಗುಡಿಯ ಅಂಗಳದಲ್ಲಿ, ಹನುಮ ಜಯಂತಿಯ ಹೊತ್ತಿಗೆ, ರಾತ್ರಿಯಿಡೀ ನಡೆಯುವ ಸಂಗೀತ ಮತ್ತು ನೃತ್ಯ. ಹಲವು ರಾತ್ರಿ, ಟಿಕೆಟ್ ಇಲ್ಲ. ಕಲಾವಿದರು ಸಂಭಾವನೆ ತೆಗೆದುಕೊಳ್ಳುವುದಿಲ್ಲ. ಅಲ್ಲಿ ಅದನ್ನು ಕಛೇರಿ ಅನ್ನದೆ 'ಹಾಜರಿ' ಅನ್ನುತ್ತಾರೆ, ಹನುಮಂತನ ಮುಂದೆ ಹಾಜರಿ ಹಾಕುವುದು. 2023ರ ಏಪ್ರಿಲ್‌ನಲ್ಲಿ ನಾನು ಕೂತು ಕೇಳಿದ್ದು ನೂರನೆಯ ಸಮಾರೋಹ.

ಹುಬ್ಬಳ್ಳಿ-ಧಾರವಾಡದವನಿಗೆ ಅಹೋರಾತ್ರಿ ಸಂಗೀತ ಹೊಸದಲ್ಲ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ಅಪ್ಪನ ತೊಡೆಯ ಮೇಲೆ ನಿದ್ದೆ ಹೋದವನು ನಾನು. ಆದರೂ ಇಲ್ಲಿ ಒಂದು ಬೇರೆ. ಒಳ್ಳೆಯ ತಾನ್ ಬಿದ್ದರೆ ಬನಾರಸಿಗರು ಚಪ್ಪಾಳೆ ತಟ್ಟುವುದಿಲ್ಲ, ಎರಡೂ ಕೈ ಮೇಲೆತ್ತಿ "ಹರ ಹರ ಮಹಾದೇವ್" ಅಂತ ಕೂಗುತ್ತಾರೆ. ರೆಕಾರ್ಡಿಂಗ್ ದೃಷ್ಟಿಯಿಂದ ಅದು ದೊಡ್ಡ ಅನಾಹುತ, ಮೀಟರಿನ ಮುಳ್ಳು ಕೆಂಪಿಗೆ ಹೋಗಿ ನಿಲ್ಲುತ್ತದೆ. ಮೈಕಿಲ್ಲದೆ ನೆಲದ ಮೇಲೆ ಕೂತವನಿಗೆ ಮಾತ್ರ ಅದು ಸಂಗೀತದ ಭಾಗ. ನನ್ನ ಪಕ್ಕ ಕೂತಿದ್ದ ರಿಕ್ಷಾದ ಚಾಚಾ ಬೆಳಗಿನ ನಾಲ್ಕು ಗಂಟೆಗೆ, "ಈಗ ಭೈರವ ಬರಬೇಕು" ಅಂದರು. ಭೈರವವೇ ಬಂತು.

ಈ ಅಂಗಳ ಕಷ್ಟವನ್ನೂ ನೋಡಿದೆ. 2006ರ ಮಾರ್ಚ್ 7ರ ಸಂಜೆ ಇದೇ ಗುಡಿಯಲ್ಲಿ ಮತ್ತು ಕಂಟೋನ್ಮೆಂಟ್ ರೈಲು ನಿಲ್ದಾಣದಲ್ಲಿ ಬಾಂಬ್ ಸಿಡಿದು ಜನ ಸತ್ತರು. ಸಮಾರೋಹದ ಸರಣಿ ಕಡಿಯಲಿಲ್ಲ. 2015ರಲ್ಲಿ ಪಾಕಿಸ್ತಾನದ ಗುಲಾಂ ಅಲಿ ಇಲ್ಲಿಯೇ ಹಾಡಿದರು. 2020ರಲ್ಲಿ ಲಾಕ್‌ಡೌನ್ ಬಂದಾಗ ಸಮಾರೋಹ ಆನ್‌ಲೈನ್ ಆಯಿತು, ಅಮೆರಿಕದಲ್ಲಿದ್ದ ಪಂಡಿತ್ ಜಸರಾಜ್ ಅಲ್ಲಿಂದಲೇ ಹಾಡಿದರು. ಅದೇ ವರ್ಷ ಆಗಸ್ಟ್ 17ರಂದು ಅವರು ತೀರಿಕೊಂಡರು. ಯಾರೂ ದುಡ್ಡು ಕೊಡದ, ಯಾರೂ ದುಡ್ಡು ತೆಗೆದುಕೊಳ್ಳದ ಒಂದು ಕೆಲಸ ನೂರು ಸಲ ನಡೆಯುತ್ತದೆ ಅನ್ನುವುದು, ಟಿಆರ್‌ಪಿ ಇಳಿದರೆ ಮೂರು ವಾರದಲ್ಲಿ ಕಾರ್ಯಕ್ರಮ ನಿಲ್ಲಿಸುವ ಉದ್ಯಮದಲ್ಲಿರುವ ನನಗೆ ಸುಲಭವಾಗಿ ಅರ್ಥವಾಗುವ ಸಂಗತಿಯಾಗಿರಲಿಲ್ಲ.

ಇನ್ನು ಸಲಿಕೆ. ಮಳೆಗಾಲದಲ್ಲಿ ಗಂಗೆ ಘಾಟ್‌ಗಳನ್ನು ಮುಳುಗಿಸುತ್ತಾಳೆ. ಇಲ್ಲಿ ಅಪಾಯದ ಮಟ್ಟ 71.262 ಮೀಟರ್, 1978ರಲ್ಲಿ 73.901 ಮೀಟರ್‌ವರೆಗೆ ಏರಿದ್ದಳು. ನೀರು ಇಳಿದಾಗ ಮೆಟ್ಟಿಲುಗಳ ಮೇಲೆ ಮೊಣಕಾಲುದ್ದ, ಕೆಲವೆಡೆ ಆಳುದ್ದ ಹೂಳು ಬಿಟ್ಟು ಹೋಗುತ್ತಾಳೆ. ದೊಡ್ಡ ಘಾಟ್‌ಗಳಲ್ಲಿ ಪಾಲಿಕೆಯವರು ಪಂಪ್ ಇಟ್ಟು, ನದಿಯ ನೀರನ್ನೇ ರಭಸದಿಂದ ಹಾಯಿಸಿ, ಹೂಳನ್ನು ವಾಪಸ್ ನದಿಗೆ ತಳ್ಳುತ್ತಾರೆ. ಪ್ರವಾಸಿಗರು ಹೆಚ್ಚು ಬಾರದ ಚಿಕ್ಕ ಘಾಟ್‌ಗಳ ಸರದಿ ತಡವಾಗಿ ಬರುತ್ತದೆ. ಅಷ್ಟರಲ್ಲಿ ಬಿಸಿಲಿಗೆ ಹೂಳು ಗಟ್ಟಿಯಾದರೆ ಹಾರೆಯೇ ಬೇಕು.

ನಮ್ಮ ಮನೆ ಮಾಲೀಕರ ಮಗ ಭಾನುವಾರದ ಒಂದು ಗುಂಪಿಗೆ ಸೇರಿದ್ದ. ಬಿಎಚ್‌ಯು ವಿದ್ಯಾರ್ಥಿಗಳು, ಇಬ್ಬರು ದೋಣಿಯವರು, ಒಬ್ಬ ನಿವೃತ್ತ ಮೇಷ್ಟ್ರು, ಒಬ್ಬ ಚಹಾದವನು. ನನ್ನನ್ನು ಕರೆದುಕೊಂಡು ಹೋದಾಗ ಮೇಷ್ಟ್ರು, "ಟಿವಿಯವರಾ? ಹಾಗಾದರೆ ಮೊದಲು ಫೋನ್ ಈ ಚೀಲಕ್ಕೆ ಹಾಕಿ" ಅಂದರು. ಅವರ ನಿಯಮ ಸರಳ: ಕೆಲಸ ಮುಗಿಯುವವರೆಗೆ ಫೋಟೋ ಇಲ್ಲ, ಆಮೇಲೆ ತೆಗೆದರೂ ಒಬ್ಬರದೇ ಫೋಟೋ ಇಲ್ಲ. ಮೇಲಿನ ಮೆಟ್ಟಿಲಿನಿಂದ ಶುರುಮಾಡಿ ಕೆಳಗೆ ಬರಬೇಕು. ಹೂಳಿನಲ್ಲಿ ಸಿಗುವ ಪ್ಲಾಸ್ಟಿಕ್, ಹೂವಿನ ಹಾರ, ದೇವರ ಫೋಟೋದ ಗಾಜು ಬೇರೆ ಬುಟ್ಟಿಗೆ. ಎರಡು ಗಂಟೆಯಲ್ಲಿ ಹದಿನಾರು ಜನ ಸೇರಿ ಬಿಡಿಸಿದ್ದು ನಾಲ್ಕು ಮೆಟ್ಟಿಲು. ಕೈ ಬೊಬ್ಬೆ ಬಂದಿತ್ತು. ಮುಂದಿನ ವಾರ ಮೇಷ್ಟ್ರು ನನಗೆಂದೇ ಒಂದು ಹಿಡಿಕೆಗೆ ಬಟ್ಟೆ ಸುತ್ತಿ ಇಟ್ಟಿದ್ದರು.

ಹೊರಗಿನಿಂದ ಬಂದವರು ಇಲ್ಲಿ ಸಲಿಕೆ ಹಿಡಿದದ್ದು ಹೊಸದಲ್ಲ. 2015ರಲ್ಲಿ ನಾಗಾಲ್ಯಾಂಡಿನ ತೆಮ್ಸುತುಲಾ ಇಮ್ಸೊಂಗ್ ಗೆಳೆಯರನ್ನು ಕೂಡಿಸಿಕೊಂಡು ಪ್ರಭು ಘಾಟ್ ಶುಚಿ ಮಾಡಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಅದಕ್ಕೂ ಮುಂಚೆ, 1982ರಲ್ಲೇ, ಸಂಕಟಮೋಚನ ಗುಡಿಯ ಮಹಂತ ವೀರಭದ್ರ ಮಿಶ್ರಾ ಗಂಗೆಗಾಗಿ ಸಂಕಟಮೋಚನ ಪ್ರತಿಷ್ಠಾನ ಕಟ್ಟಿದರು. ಬಿಎಚ್‌ಯುನಲ್ಲಿ ಹೈಡ್ರಾಲಿಕ್ ಇಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಅವರು ಬೆಳಗ್ಗೆ ಗಂಗೆಯಲ್ಲಿ ಮುಳುಗು ಹಾಕುತ್ತಿದ್ದರು, ಅದೇ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆಯೂ ಮಾಡಿಸುತ್ತಿದ್ದರು. ಸ್ನಾನದ ನೀರಿನ ನೂರು ಮಿಲಿಲೀಟರಿನಲ್ಲಿ ಮಲದ ಕೋಲಿಫಾರ್ಮ್ 500ರೊಳಗೆ ಇದ್ದರೆ ಒಳ್ಳೆಯದು, 2500 ದಾಟಬಾರದು ಎಂಬುದು ನಮ್ಮ ದೇಶದ ಮಾನದಂಡ. ಅದನ್ನು ಬಲ್ಲವರೇ ಮುಳುಗು ಹಾಕುತ್ತಿದ್ದರು, ಮುಳುಗು ಹಾಕುವವರೇ ಅಳತೆಯನ್ನು ಜಗತ್ತಿಗೆ ಹೇಳುತ್ತಿದ್ದರು. 2013ರಲ್ಲಿ ಅವರು ತೀರಿಕೊಂಡ ಮೇಲೆ ಮಹಂತರಾದ ಮಗ ವಿಶ್ವಂಭರನಾಥ ಮಿಶ್ರಾ ಕೂಡ ಐಐಟಿ ಪ್ರಾಧ್ಯಾಪಕರು. ಸಂಗೀತ ಸಮಾರೋಹ ನಡೆಸುವ ಮನೆತನವೂ ಇದೇ. ಭಕ್ತಿಗೆ ಕೊಳಕನ್ನು ಮುಚ್ಚಿಡುವ ಅಗತ್ಯವಿಲ್ಲ ಎಂಬುದನ್ನು ನಾನು ಕಲಿತದ್ದು ಈ ತಂದೆ-ಮಗನ ಕೆಲಸದಿಂದ.

ಈ ಧೈರ್ಯದಲ್ಲಿ ನಮ್ಮ ಕಾರ್ಯಕ್ರಮದಲ್ಲೂ ಮೂವತ್ತು ಸೆಕೆಂಡು ಭಾನುವಾರದ ಕೆಲಸ ತೋರಿಸೋಣ ಎಂದು ಕೇಳಿದೆ. ಮುಖ ಬೇಡ, ಹೆಸರು ಬೇಡ, ಸಲಿಕೆಯ ಸದ್ದು ಸಾಕು ಅಂದೆ. ಗುಂಪಿನವರೂ ಒಪ್ಪಿದ್ದರು. "ಭಕ್ತಿ ಕಾರ್ಯಕ್ರಮದಲ್ಲಿ ಕೆಸರು ಬೇಡ" ಎಂದು ನೋಯ್ಡಾದಿಂದ ಉತ್ತರ ಬಂತು. ಮತ್ತೊಮ್ಮೆ ಕೇಳಿದೆ, ಅದೇ ಉತ್ತರ. ಮುಂದಿನ ದಸರೆ ಕಳೆದು ಸ್ವಲ್ಪ ದಿನಕ್ಕೆ ಕಾರ್ಯಕ್ರಮವೇ ನಿಂತಿತು, ಕೊನೆಯ ಎರಡು ತಿಂಗಳ ಪೇಮೆಂಟ್ ಬರಲು ನಾಲ್ಕು ತಿಂಗಳಾಯಿತು. ಆ ಸಮಯದಲ್ಲಿ ಮನೆ ಮಾಲೀಕರು ಬಾಡಿಗೆ ಕೇಳಲಿಲ್ಲ. ಸಂಬಳ ಬಂದ ದಿನ ಕೊಡಲು ಹೋದರೆ ಅರ್ಧ ಮಾತ್ರ ತೆಗೆದುಕೊಂಡರು.

ಈಗ ಮುಂಬೈನಲ್ಲಿದ್ದೇನೆ, ಅಂಧೇರಿಯ ಒಂದು ರಿಯಾಲಿಟಿ ಶೋದಲ್ಲಿ. ಹಾಡುವ ಮಕ್ಕಳ ಧ್ವನಿ ಶುದ್ಧವಾಗಿ ಹಿಡಿಯುವುದು ನನ್ನ ಕೆಲಸ. ಚಪ್ಪಾಳೆಯನ್ನು ಎಡಿಟ್‌ನಲ್ಲಿ ಬೇರೆ ಸೇರಿಸುತ್ತಾರೆ. ಕೆಲಸ ಒಪ್ಪಿಕೊಳ್ಳುವಾಗ ಒಂದೇ ಶರತ್ತು ಹಾಕಿದೆ: ವರ್ಷಕ್ಕೆ ಎರಡು ಸಲ ರಜೆ, ಏಪ್ರಿಲ್‌ನಲ್ಲಿ ಸಮಾರೋಹಕ್ಕೆ ಒಂದು ವಾರ, ಅಕ್ಟೋಬರ್‌ನಲ್ಲಿ ಹೂಳಿಗೆ ಒಂದು ವಾರ. ಎರಡನೆಯದನ್ನು ಎಚ್‌ಆರ್‌ನವರಿಗೆ ಬಿಡಿಸಿ ಹೇಳಲು ಸ್ವಲ್ಪ ಕಷ್ಟವಾಯಿತು. ಕಾಶಿಗೆ ಹೋದವರು ಇಷ್ಟದ ಒಂದು ಹಣ್ಣೋ ತರಕಾರಿಯೋ ಬಿಟ್ಟು ಬರಬೇಕು ಅನ್ನುವುದು ನಮ್ಮ ಹಿರಿಯರ ಕ್ರಮ. ನಾನು ಬಿಟ್ಟದ್ದೇನೂ ಇಲ್ಲ, ಈ ಎರಡು ವಾರ ಹಿಡಿದುಕೊಂಡು ಬಂದೆ.

ನೀವೂ ಕಾಶಿಗೆ ಹೋಗುವವರಿದ್ದರೆ, ಅಪ್ಪ-ಅಮ್ಮನನ್ನು ಕರೆದುಕೊಂಡು ದರ್ಶನ ಮಾಡಿಸಿ, ಆರತಿ ನೋಡಿ. ಏಪ್ರಿಲ್‌ನಲ್ಲಿ ಹೋದರೆ ಒಂದು ರಾತ್ರಿ ಸಂಕಟಮೋಚನಕ್ಕೆ ಮೀಸಲಿಡಿ. ಚಾಪೆ, ಒಂದು ತೆಳು ಶಾಲು, ನೀರಿನ ಬಾಟಲಿ ಸಾಕು, ತಿನ್ನುವ ಸಾಮಾನು ಮಂಗಗಳ ಕಣ್ಣಿಗೆ ಬೀಳದಿರಲಿ. ಮಳೆಗಾಲ ಮುಗಿದ ಮೇಲೆ ಹೋದರೆ ಬೆಳಗ್ಗೆ ಚಿಕ್ಕ ಘಾಟ್‌ಗಳ ಕಡೆ ನಡೆದು ನೋಡಿ. ಎಲ್ಲಾದರೂ ಜನ ಬುಟ್ಟಿ ಹಿಡಿದು ಸಾಲಾಗಿ ನಿಂತಿದ್ದರೆ ಕನ್ನಡದವರು ಅಂತ ಹೇಳಿ ಸಾಲಿಗೆ ಸೇರಿಕೊಳ್ಳಿ. ಫೋನ್ ಇಡಲು ಅಲ್ಲೊಂದು ಚೀಲ ಇರುತ್ತದೆ.