ಎರಡು ಊರು, ಒಂದು ಪೆಟ್ಟಿಗೆ

ನಿಮ್ಮನ್ನು ಯಾರಾದರೂ, “ಎಲ್ಲಿ ಇಳಿದುಕೊಳ್ಳೋಣ? ನೀನೇ ಹೇಳು” ಎಂದು ಕೇಳಿದ್ದುಂಟೆ? ಮದುವೆಯಾದ ಇಪ್ಪತ್ತೈದು ವರ್ಷಗಳಲ್ಲಿ ನನ್ನನ್ನಂತೂ ಯಾರೂ ಕೇಳಿರಲಿಲ್ಲ. ಧರ್ಮಸ್ಥಳಕ್ಕೆ ಹೋದರೂ ಅಷ್ಟೆ, ತಿರುಪತಿಗೆ ಹೋದರೂ ಅಷ್ಟೆ. ಬಸ್ಸು, ಛತ್ರ, ಊಟ ಎಲ್ಲವೂ ನಮ್ಮ ಯಜಮಾನರ ತೀರ್ಮಾನ. ನನ್ನ ಪಾಲಿಗೆ ಚಪಾತಿ, ಚಟ್ನಿಪುಡಿ ಕಟ್ಟುವ ಕೆಲಸ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಮಗ, ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬಿತೆಂದು 2025ರ ಮಾರ್ಚ್‌ನಲ್ಲಿ ನಮ್ಮನ್ನು ವಿಯೆಟ್ನಾಂ ದೇಶಕ್ಕೆ ಕಳಿಸಿದ. ನಾನು, ನಮ್ಮ ಯಜಮಾನರು, ಎಪ್ಪತ್ತೆರಡು ವರ್ಷದ ನಮ್ಮ ಅತ್ತೆ. ಮೂರು ಜನ, ನಾಲ್ಕು ರಾತ್ರಿ. ಟಿಕೆಟ್ ತೆಗೆಸುವ ಮುಂಚೆ ಫೋನ್ ಮಾಡಿದ.

“ಅಮ್ಮ, ವಿಮಾನ ಇಳಿಯೋದು ಡಾ ನಾಂಗ್ ಅನ್ನೋ ಊರಲ್ಲಿ. ಅಲ್ಲಿಂದ ಮೂವತ್ತು ಕಿಲೋಮೀಟರ್ ದೂರದಲ್ಲಿ ಹೋಯ್ ಆನ್ ಅಂತ ಇನ್ನೊಂದು ಊರಿದೆ. ಅಜ್ಜೀನ ಕರ್ಕೊಂಡು ದಿನಾ ಪೆಟ್ಟಿಗೆ ಕಟ್ಟೋದು ಕಷ್ಟ. ಎರಡರಲ್ಲಿ ಒಂದು ಕಡೆ ರೂಮು ಮಾಡ್ತೀನಿ. ಯಾವುದು ಅಂತ ನೀನೇ ಹೇಳು.”

ನನಗೆ ಕೈಕಾಲೇ ಆಡಲಿಲ್ಲ! ಆದರೂ ಆರಿಸಿದೆ. ಆರಿಸುವಾಗ ಒಂದು ತಪ್ಪನ್ನೂ ಮಾಡಿದೆ. ಅದು ನಿಮ್ಮಿಂದ ಆಗದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಅಕ್ಕನ ಊರು, ತಂಗಿಯ ಊರು

ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ನಡುವೆ ಗೆರೆ ಎಳೆದು, ಎರಡು ಊರಿನ ವಿಷಯವನ್ನೂ ಮಗನಿಂದ ಕೇಳಿ ಬರೆದುಕೊಂಡೆ.

ಹೋಯ್ ಆನ್ ಹಳೆಯ ಬಂದರು. ಥು ಬೋನ್ ನದಿಯ ದಂಡೆಯಲ್ಲಿದೆ. ನಾನೂರು ವರ್ಷದ ಹಿಂದೆ ಚೀನಾ, ಜಪಾನ್ ದೇಶಗಳ ವರ್ತಕರು ಹಡಗಿನಲ್ಲಿ ಬಂದು, ರೇಷ್ಮೆ, ಪಿಂಗಾಣಿ ವ್ಯಾಪಾರ ಮಾಡುತ್ತಿದ್ದರು. ಕ್ರಮೇಣ ನದಿಯಲ್ಲಿ ಹೂಳು ತುಂಬಿತು. ದೊಡ್ಡ ಹಡಗುಗಳು ಒಳಗೆ ಬರಲಾರದೆ ಡಾ ನಾಂಗ್ ಕಡೆಗೆ ತಿರುಗಿದವು. ಫ್ರೆಂಚರ ಕಾಲದಲ್ಲಿ ಡಾ ನಾಂಗ್ ಬೆಳೆಯಿತು, ಹೋಯ್ ಆನ್ ಸೊರಗಿತು. ಆದರೆ ಆ ಬಡತನದಿಂದಲೇ ಒಂದು ಉಪಕಾರವಾಯಿತು. ಹಳೆಯ ಮನೆ ಕೆಡವಿ ಹೊಸದು ಕಟ್ಟಲು ಯಾರ ಬಳಿಯೂ ದುಡ್ಡಿರಲಿಲ್ಲವಾದ್ದರಿಂದ ಮರದ ಕಂಬ, ಹೆಂಚಿನ ಮಾಡು, ಒಳ ಅಂಗಳ ಎಲ್ಲ ಹಾಗೇ ಉಳಿದವು. 1999ರಲ್ಲಿ ಯುನೆಸ್ಕೋದವರು ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಹಳೆಯ ಸೀರೆಯನ್ನು ಟ್ರಂಕಿನ ತಳದಲ್ಲಿ ಮರೆತ ಬಡವಿಗೆ ಮುಂದೆ ಅದೇ ಒಡವೆಯಾದಂತೆ!

ಡಾ ನಾಂಗ್ ದೊಡ್ಡ ನಗರ. ವಿಮಾನ ನಿಲ್ದಾಣ, ರೈಲು, ಆಸ್ಪತ್ರೆ, ಭಾರತೀಯ ಊಟದ ಹೋಟೆಲು ಎಲ್ಲವೂ ಅಲ್ಲಿವೆ. ಹಾನ್ ನದಿಗೆ ಹಾಕಿದ ಸೇತುವೆಗಳಿವೆ. ಊರಿನ ಉದ್ದಕ್ಕೂ ಸಮುದ್ರ.

ನಮ್ಮ ಯಜಮಾನರು ಒಂದೇ ಮಾತಿನಲ್ಲಿ “ಡಾ ನಾಂಗ್” ಅಂದರು. “ಆಸ್ಪತ್ರೆ ಹತ್ತಿರ, ವಿಮಾನ ಹತ್ತಿರ.” ನಾನು ಮಗ ಕಳಿಸಿದ ಚಿತ್ರದಲ್ಲಿ ಬಣ್ಣಬಣ್ಣದ ಕಾಗದ, ರೇಷ್ಮೆಯ ದೀಪಗಳನ್ನು ನೋಡಿ ಮರುಳಾಗಿದ್ದೆ. “ಹೋಯ್ ಆನ್” ಎಂದೆ. ಮೊದಲ ಸಲ ನನ್ನ ಮಾತು ನಡೆಯಿತು. ಅತ್ತೆ ಜಗುಲಿಯಲ್ಲಿ ಕೂತು ಹೂಬತ್ತಿ ಮಾಡುತ್ತಿದ್ದರು. ಅವರೇನೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ದೀಪದ ಊರಿನಲ್ಲಿ

ಮಾರ್ಚ್ 12ರಂದು ಡಾ ನಾಂಗ್‌ನಲ್ಲಿ ಇಳಿದು, ಟ್ಯಾಕ್ಸಿಯಲ್ಲಿ ಮುಕ್ಕಾಲು ಗಂಟೆಯಲ್ಲಿ ಹೋಯ್ ಆನ್ ಸೇರಿದೆವು.

ಹೋದ ದಿನಗಳು ನಮ್ಮ ಅದೃಷ್ಟಕ್ಕೆ ಕೂಡಿ ಬಂದಿದ್ದವು. ಅಲ್ಲಿ ಪ್ರತಿ ಚಾಂದ್ರಮಾಸದ ಹದಿನಾಲ್ಕನೆಯ ದಿನ, ಅಂದರೆ ಹುಣ್ಣಿಮೆಯ ಹಿಂದಿನ ರಾತ್ರಿ, ಹಳೆಯ ಪೇಟೆಯಲ್ಲಿ ವಿದ್ಯುದ್ದೀಪ ಆರಿಸಿ ಕಾಗದದ ದೀಪ, ಬಟ್ಟೆಯ ದೀಪ ಹಚ್ಚುತ್ತಾರೆ. 13ರ ಸಂಜೆ ನಾವು ನದಿಯ ಬಳಿ ಹೋದಾಗ ಹೆಂಗಸರು, ಮಕ್ಕಳು ಕಾಗದದ ದೊನ್ನೆಯಲ್ಲಿ ಮೇಣದ ದೀಪ ಇಟ್ಟು ನೀರಿಗೆ ಬಿಡುತ್ತಿದ್ದರು. ನಮ್ಮ ಕಾರ್ತಿಕದ ದೀಪವೇ! ಅತ್ತೆಯೂ ಒಂದು ಬಿಟ್ಟು ಕೈಮುಗಿದರು.

ಅಲ್ಲಿಯ ಜಪಾನಿ ಸೇತುವೆ ಪುಟ್ಟದು. ಮೇಲೆ ಹೆಂಚಿನ ಮಾಡು, ಒಂದು ತುದಿಯಲ್ಲಿ ನಾಯಿಯ ಮೂರ್ತಿ, ಇನ್ನೊಂದು ತುದಿಯಲ್ಲಿ ಕೋತಿಯದು. 2024ರ ಆಗಸ್ಟ್‌ನಲ್ಲಿ ಜೀರ್ಣೋದ್ಧಾರ ಮುಗಿದು ಮತ್ತೆ ತೆರೆದಿದ್ದಾರೆ. ಅಲ್ಲಿಯ ಇಪ್ಪತ್ತು ಸಾವಿರ ಡಾಂಗ್ ನೋಟಿನ ಹಿಂಬದಿಯಲ್ಲಿ ಇದೇ ಸೇತುವೆಯ ಚಿತ್ರವಿದೆ. ಆ ನೋಟಿನ ಸಂಗತಿ ಒಂದು ಹೇಳಬೇಕು. ಅದು ನೀಲಿ. ಐದು ಲಕ್ಷದ ನೋಟೂ ನೀಲಿಯ ಕಡೆಗೇ ಇದೆ. ನಮ್ಮ ಒಂದು ರೂಪಾಯಿಗೆ ಅಲ್ಲಿಯ ಸುಮಾರು ಮುನ್ನೂರು ಡಾಂಗ್. ಕತ್ತಲಲ್ಲಿ ದೀಪ ಮಾರುವವಳಿಗೆ ಇಪ್ಪತ್ತು ಸಾವಿರ ಎಂದುಕೊಂಡು ಐದು ಲಕ್ಷ ಕೊಟ್ಟು ಬಂದೆ. ಹತ್ತು ಹೆಜ್ಜೆ ಹೋಗಿರಲಿಲ್ಲ, ಆಕೆ ಓಡಿ ಬಂದು ಸೆರಗು ಹಿಡಿದು ನೋಟನ್ನು ವಾಪಸು ಕೊಟ್ಟಳು. ಭಾಷೆ ಬಾರದಿದ್ದರೇನು, ನಾವಿಬ್ಬರೂ ನಕ್ಕೆವು.

ಹೊಲಿಗೆಗೆ ಹೋಯ್ ಆನ್ ಹೆಸರಾದ ಊರು. ಬೀದಿಗೊಂದು ಹೊಲಿಗೆ ಅಂಗಡಿ. ಒಂದು ಅಳತೆ ರವಿಕೆ ಕೊಟ್ಟು ಬಂದೆ. ಮರುದಿನ ಸಂಜೆಗೆ ಹೊಸ ರವಿಕೆ ಸಿದ್ಧ. ನಮ್ಮ ಊರಿನ ಟೈಲರು ಹಬ್ಬದ ಹಿಂದಿನ ದಿನದವರೆಗೂ “ನಾಳೆ ಬನ್ನಿ ಅಕ್ಕ” ಅನ್ನುವುದು ನೆನಪಾಯಿತು!

ಊರ ಹೊರಗೆ ಕಾಮ್ ಥಾನ್ ಎಂಬಲ್ಲಿ ಬಿದಿರಿನ ಗುಂಡು ದೋಣಿ ಇದೆ. ತಲಕಾಡಿನ ಹರಿಗೋಲು ನೋಡಿದವರಿಗೆ ಅದೇನೂ ಹೊಸದಲ್ಲ. ಸುತ್ತ ನೀರಿನಲ್ಲಿ ಬೆಳೆದ ತೆಂಗು ಎಂದರು. ತಿಪಟೂರಿನವಳು ನಾನು, ತೆಂಗು ಅಂದರೆ ಬಿಡುತ್ತೇನೆಯೇ? ಬಗ್ಗಿ ನೋಡಿದರೆ ಗರಿ ತೆಂಗಿನದರಂತೆಯೇ, ಬೊಡ್ಡೆಯೇ ಇಲ್ಲ. ಕೆಸರಿನಿಂದ ನೇರ ಗರಿ ಎದ್ದಿದೆ. ಅದು ನೀಪ ಎಂಬ ಬೇರೆ ಜಾತಿಯಂತೆ.

ಊಟದ ಚಿಂತೆ

ನೀವು ಮೊದಲು ಕೇಳುವುದು ಇದನ್ನೇ ಎಂದು ಬಲ್ಲೆ. ನಾವು ಶಾಖಾಹಾರಿಗಳು. ಅಲ್ಲಿ ಮೀನಿನ ಸಾರದಿಂದ ಮಾಡಿದ ನೂಕ್ ಮಾಮ್ ಎಂಬ ರಸವನ್ನು ತರಕಾರಿಗೂ ಹಾಕುತ್ತಾರೆ. “ಮಾಂಸ ಬೇಡ” ಅಂದರೆ ಸಾಲದು. “ಚಾಯ್” ಅನ್ನಬೇಕು. ಬೋರ್ಡಿನಲ್ಲಿ ಆ ಪದವನ್ನು ಮಗ ಓದಿ ಹೇಳಿದಾಗ ನಮ್ಮ ಯಜಮಾನರು ಟೀ ಅಂಗಡಿ ಎಂದುಕೊಂಡಿದ್ದರು! ಅಲ್ಲಿ ಚಾಯ್ ಅಂದರೆ ಬೌದ್ಧರ ಸಸ್ಯಾಹಾರ. ನಮ್ಮಲ್ಲಿ ಏಕಾದಶಿ ಇದ್ದ ಹಾಗೆ ಅಲ್ಲಿ ಬಹಳ ಜನ ಚಾಂದ್ರಮಾಸದ ಮೊದಲನೆಯ ದಿನ, ಹದಿನೈದನೆಯ ದಿನ ಚಾಯ್ ಊಟವನ್ನೇ ಮಾಡುತ್ತಾರೆ. 14ನೆಯ ತಾರೀಕು ನಮಗೆ ಹೋಳಿ ಹುಣ್ಣಿಮೆ, ಅವರಿಗೂ ಹುಣ್ಣಿಮೆ. ಆ ದಿನ ಊಟಕ್ಕೆ ಪರದಾಡಲೇ ಇಲ್ಲ. ಅರಿಸಿನ ಹಾಕಿದ ಅಕ್ಕಿ ಶಾವಿಗೆ, ತೋಫು, ಹಸಿ ಸೊಪ್ಪು, ಹುರಿದ ಕಡಲೇಬೀಜ. ಕೊನೆಗೆ ಹೆಸರುಬೇಳೆ, ತೆಂಗಿನಹಾಲಿನ ‘ಚೆ’. ಬೆಲ್ಲದ ಬದಲು ಸಕ್ಕರೆ ಹಾಕಿದ ನಮ್ಮ ಹೆಸರುಬೇಳೆ ಪಾಯಸ ಎನ್ನಿ.

ಕಾಡಿನ ನಡುವೆ ಶಿವ

ಅದೇ ಹುಣ್ಣಿಮೆಯ ಬೆಳಿಗ್ಗೆ ಮಿ ಸೋನ್ ಎಂಬ ಜಾಗಕ್ಕೆ ಹೋದೆವು. ಹೋಯ್ ಆನ್‌ನಿಂದ ಸುಮಾರು ನಲವತ್ತು ಕಿಲೋಮೀಟರ್. ನಾಲ್ಕನೆಯ ಶತಮಾನದಲ್ಲಿ ಚಂಪಾ ದೇಶದ ಭದ್ರವರ್ಮನೆಂಬ ರಾಜ ಅಲ್ಲಿ ಭದ್ರೇಶ್ವರನ ಗುಡಿ ಕಟ್ಟಿಸಿದ. ಮುಂದೆ ನೂರಾರು ವರ್ಷ ರಾಜರು ಗುಡಿಗಳನ್ನು ಕಟ್ಟುತ್ತಲೇ ಹೋದರು. 1969ರಲ್ಲಿ ಯುದ್ಧದ ಬಾಂಬಿಗೆ ಎಷ್ಟೋ ಗುಡಿಗಳು ಉರುಳಿದವು. ನಮ್ಮ ಭಾರತದ ಪುರಾತತ್ವ ಇಲಾಖೆಯವರು ಅಲ್ಲಿ ಜೀರ್ಣೋದ್ಧಾರ ಮಾಡುವಾಗ 2020ರಲ್ಲಿ ಮಣ್ಣಿನಡಿ ಏಕಶಿಲೆಯ ಲಿಂಗವೊಂದು ಸಿಕ್ಕಿತು. ಪ್ರವೇಶದ ಬಳಿಯಿಂದ ಬ್ಯಾಟರಿ ಗಾಡಿ ಇರುವುದರಿಂದ ಅತ್ತೆಯ ಮಂಡಿಗೆ ಅನುಕೂಲವಾಯಿತು. ಪೂಜೆಯಿಲ್ಲದ ಗುಡಿಗಳ ಮುಂದೆ ನಿಂತು ಅವರು ತಾವೇ ಮೆಲ್ಲಗೆ ಮಂತ್ರ ಹೇಳಿದರು.

ಇಷ್ಟರವರೆಗೆ ನನ್ನ ಆಯ್ಕೆ ಸರಿಯೆಂದು ಒಳಗೊಳಗೇ ಬೀಗುತ್ತಿದ್ದೆ.

ಸಮುದ್ರದ ಮುಂದೆ

15ರ ಶನಿವಾರ ಡಾ ನಾಂಗ್ ನೋಡಿ ಬರೋಣವೆಂದು ಹೊರಟೆವು. ದಾರಿಯಲ್ಲಿ ಅಮೃತಶಿಲೆಯ ಐದು ಗುಡ್ಡಗಳಿವೆ. ಲೋಹ, ಮರ, ನೀರು, ಬೆಂಕಿ, ಮಣ್ಣು ಎಂದು ಒಂದೊಂದಕ್ಕೆ ಒಂದೊಂದು ಹೆಸರು, ನಮ್ಮ ಪಂಚಭೂತದ ಹಾಗೆ. ನೀರಿನ ಗುಡ್ಡಕ್ಕೆ ಲಿಫ್ಟ್ ಇದೆ. ಅಲ್ಲಿಂದ ಚಾಮ್ ಶಿಲ್ಪಗಳ ಸಂಗ್ರಹಾಲಯ. 1919ರಲ್ಲಿ ತೆರೆದದ್ದು. ಅಲ್ಲಿ ಶಿವ, ಗಣಪತಿಯರನ್ನು ನೋಡಿ ಸಂಜೆಗೆ ಮಿ ಖೆ ಸಮುದ್ರತೀರಕ್ಕೆ ಬಂದೆವು.

ಅತ್ತೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನೀರಿನ ಅಂಚಿಗೆ ಹೋಗಿ ನಿಂತರು. ಅರ್ಧ ಗಂಟೆಯಾದರೂ ಅಲುಗಲಿಲ್ಲ. ಮಂಡಿ ನೋವು ಬಂದೀತೆಂದು ಹೋಗಿ ಕೈಹಿಡಿದೆ.

“ಸಮುದ್ರ ಇಷ್ಟು ಹತ್ತಿರ ಇತ್ತೇನಮ್ಮ?” ಎಂದರು.

“ನೀವು ಮುಂಚೆ ನೋಡಿಲ್ವೇ ಅತ್ತೆ? ಗೋಕರ್ಣಕ್ಕೆ ಹೋಗಿದ್ರಲ್ಲ?”

“ಹೋಗಿದ್ದೆ. ನಿಮ್ಮ ಮಾವನೋರ ಕಾರ್ಯಕ್ಕೆ. ಆವತ್ತು ನೋಡಿದ್ದು ನೋಡಿದ ಹಾಗಲ್ಲ ಕಣಮ್ಮ. ಇನ್ನೊಂದ್ಸಲ ಸುಮ್ನೆ ಕೂತು ನೋಡ್ಬೇಕು ಅಂತ ಇತ್ತು. ಯಾರನ್ನ ಕೇಳೋದು?”

ನನ್ನ ಎದೆಗೆ ಚುಚ್ಚಿದಂತಾಯಿತು. ಇಪ್ಪತ್ತೈದು ವರ್ಷ ನನ್ನನ್ನು ಯಾರೂ ಕೇಳಲಿಲ್ಲವೆಂದು ನಾನು ಕೊರಗಿದ್ದೆ. ನನಗೆ ಅಧಿಕಾರ ಸಿಕ್ಕ ದಿನ ನಾನಾದರೂ ಪಕ್ಕದಲ್ಲೇ ಹೂಬತ್ತಿ ಮಾಡುತ್ತಿದ್ದವರನ್ನು ಕೇಳಿದೆನೇ? ಐವತ್ತು ವರ್ಷದಿಂದ ಅವರನ್ನೂ ಯಾರೂ ಕೇಳಿರಲಿಲ್ಲ.

ಹೋಯ್ ಆನ್‌ಗೂ ಸಮುದ್ರವಿಲ್ಲವೆಂದಲ್ಲ. ಆನ್ ಬಾಂಗ್ ತೀರ ಪೇಟೆಯಿಂದ ನಾಲ್ಕೈದು ಕಿಲೋಮೀಟರ್. ಆದರೆ ದೀಪ, ರವಿಕೆ, ಹರಿಗೋಲು ಅಂತ ನಾನು ಆ ಕಡೆ ತಲೆಯೇ ಹಾಕಿರಲಿಲ್ಲ. ಡಾ ನಾಂಗ್‌ನಲ್ಲಾದರೆ ರಸ್ತೆ ದಾಟಿದರೆ ಸಮುದ್ರ.

ನಮ್ಮ ಯಜಮಾನರಿಗೆ, “ಈ ರಾತ್ರಿ ಇಲ್ಲೇ ಇರೋಣ” ಅಂದೆ. “ಅಲ್ಲಿ ದುಡ್ಡು ಕೊಟ್ಟಾಗಿದೆಯಲ್ಲೇ, ವಾಪಸು ಬರಲ್ಲ” ಎಂದರು. “ಹೋದರೆ ಹೋಗಲಿ ಅನ್ನಿ” ಎಂದೆ. ತಾಯಿಯ ಮುಖ ನೋಡಿದರು. ಮರುಮಾತಿಲ್ಲದೆ ಸಮುದ್ರದೆದುರು ಒಂದು ರೂಮು ಹಿಡಿದು, ಪೆಟ್ಟಿಗೆ ತರಲು ತಾವೇ ಹೋಯ್ ಆನ್‌ಗೆ ಹೋದರು. ರಾತ್ರಿ ಒಂಬತ್ತಕ್ಕೆ ಹಾನ್ ನದಿಯ ಡ್ರ್ಯಾಗನ್ ಸೇತುವೆ ಬೆಂಕಿ ಉಗುಳುವುದನ್ನೂ ನೋಡಿದೆವು. 2013ರಲ್ಲಿ ಕಟ್ಟಿದ 666 ಮೀಟರ್ ಉದ್ದದ ಸೇತುವೆ ಅದು. ಮಕ್ಕಳಿಗೆ ಬಲು ಖುಷಿ. ಅತ್ತೆಗೆ ಅಷ್ಟೇನೂ ಇಷ್ಟವಾಗಲಿಲ್ಲ.

ಅವರಿಗೆ ಇಷ್ಟವಾದದ್ದು ಬೆಳಗಿನ ಜಾವ. ಐದೂವರೆಗೆ ನಾವಿಬ್ಬರೂ ರಸ್ತೆ ದಾಟಿದೆವು. ಆಗಲೇ ಅಲ್ಲಿಯ ಜನ ನೀರಿಗೆ ಇಳಿದಿದ್ದರು. ನನ್ನ ವಯಸ್ಸಿನ ಹೆಂಗಸರು ಗುಂಪಾಗಿ ನಿಂತು ವ್ಯಾಯಾಮ ಮಾಡುತ್ತಿದ್ದರು. ನಮ್ಮ ಕರಾವಳಿಯಲ್ಲಿ ಸೂರ್ಯ ಸಮುದ್ರಕ್ಕೆ ಇಳಿಯುತ್ತಾನೆ. ಅಲ್ಲಿ ಸಮುದ್ರದಿಂದ ಏಳುತ್ತಾನೆ. ಅತ್ತೆ ಬೊಗಸೆಯಲ್ಲಿ ಅದೇ ನೀರು ತುಂಬಿ ಅರ್ಘ್ಯ ಕೊಟ್ಟು, ಮರಳಿನ ಮೇಲೆ ಕೂತುಬಿಟ್ಟರು. ಏನೂ ಮಾತಾಡಲಿಲ್ಲ. ನಾನೂ ಏಳಿಸಲಿಲ್ಲ.

ಹೊರಡುವವರಿಗೆ ನಾಲ್ಕು ಮಾತು

ಹಾಗಾದರೆ ಎರಡರಲ್ಲಿ ಯಾವುದು ಮೇಲು ಅನ್ನುವಿರಾ? ಸಂಜೆ ನಿಮಗೆ ಪ್ರಿಯವೋ, ಬೆಳಗು ಪ್ರಿಯವೋ ನೋಡಿಕೊಳ್ಳಿ. ಸಂಜೆ ಬೀದಿ ಸುತ್ತುವವರಿಗೆ, ಹಳೆಯ ಮನೆ, ಬಟ್ಟೆ ಬರೆ ನೋಡುವವರಿಗೆ, ಮಿ ಸೋನ್‌ಗೆ ಹೋಗುವವರಿಗೆ ಹೋಯ್ ಆನ್. ಬೆಳಗಿನ ಸಮುದ್ರ ಬೇಕಾದವರಿಗೆ, ಚಿಕ್ಕ ಮಕ್ಕಳು, ಕಾಯಿಲೆಯವರು ಜೊತೆಗಿದ್ದರೆ, ಎರಡೇ ದಿನವಿದ್ದರೆ ಡಾ ನಾಂಗ್. ನಾಲ್ಕು ರಾತ್ರಿಯಿದ್ದರೆ ಮೊದಲು ಎರಡು ಹೋಯ್ ಆನ್‌ನಲ್ಲಿ, ಕೊನೆಗೆ ಎರಡು ಡಾ ನಾಂಗ್‌ನಲ್ಲಿ ಇರಿ. ಪೆಟ್ಟಿಗೆ ಒಂದೇ ಸಲ ಕಟ್ಟಿದರಾಯಿತು, ವಿಮಾನವೂ ಅಲ್ಲಿಂದಲೇ.

ಹೋಗಲು ಫೆಬ್ರವರಿಯಿಂದ ಮೇ ತನಕ ಒಳ್ಳೆಯ ಕಾಲ. ಅಕ್ಟೋಬರ್, ನವೆಂಬರ್ ಬೇಡ. ಆಗ ಹೋಯ್ ಆನ್‌ನ ಬೀದಿಗಳಿಗೆ ನದಿಯೇ ನುಗ್ಗುತ್ತದೆ. 2025ರ ಅಕ್ಟೋಬರ್ ಕೊನೆಯಲ್ಲೂ ಭಾರಿ ನೆರೆ ಬಂದಿತ್ತು.

ವೀಸಾವನ್ನು ಮನೆಯಿಂದಲೇ ಕಂಪ್ಯೂಟರಿನಲ್ಲಿ ಪಡೆಯಬಹುದು. ನಾವು ಹೋದಾಗ ಒಬ್ಬರಿಗೆ 25 ಡಾಲರ್ ಆಯಿತು. ಹೋಯ್ ಆನ್ ಹಳೆಯ ಪೇಟೆಯ ಟಿಕೆಟ್ಟಿಗೆ 1,20,000 ಡಾಂಗ್, ಅಂದರೆ ನಮ್ಮ ನಾನೂರು ರೂಪಾಯಿ. ನೀಲಿ ನೋಟುಗಳನ್ನು ಪರ್ಸಿನಲ್ಲಿ ಬೇರೆ ಬೇರೆ ಇಡಿ. ಚಟ್ನಿಪುಡಿ ಮರೆಯಬೇಡಿ.

ಇನ್ನೊಂದು ಸ್ವಾರಸ್ಯ ಕೇಳಿ. ನಾವು ಬಂದ ಮೇಲೆ, 2025ರ ಜುಲೈ 1ರಿಂದ, ಅಲ್ಲಿಯ ಸರ್ಕಾರ ಹೋಯ್ ಆನ್ ಇರುವ ಪ್ರಾಂತ್ಯವನ್ನೇ ಡಾ ನಾಂಗ್‌ಗೆ ಸೇರಿಸಿಬಿಟ್ಟಿತು. ಕಾಗದದ ಮೇಲೆ ಈಗ ಎರಡೂ ಒಂದೇ ನಗರ! ಮಗ ಅದನ್ನು ಹೇಳಿದಾಗ ಅತ್ತೆ ನಕ್ಕು, “ಹಾಗಾದ್ರೆ ನಾವಿಬ್ರೂ ಆರಿಸಿದ್ದು ಒಂದೇ ಊರು ಅನ್ನು” ಎಂದರು.

ನಿಮ್ಮ ಮನೆಯಲ್ಲೂ ಹೂಬತ್ತಿ ಮಾಡುತ್ತಾ, ಸೊಪ್ಪು ಸೋಸುತ್ತಾ ಸುಮ್ಮನೆ ಕೂತವರಿದ್ದಾರು. ಟಿಕೆಟ್ ತೆಗೆಸುವ ಮುನ್ನ ಅವರನ್ನೂ ಒಂದು ಮಾತು ಕೇಳಿ. ಹಾಗೆಯೇ ನಿಮ್ಮನ್ನು ಯಾರೂ ಕೇಳದಿದ್ದರೆ, ಕೇಳಲಿ ಎಂದು ಕಾಯುತ್ತಾ ಕೂರಬೇಡಿ. ನೀವೇ ಬಾಯಿಬಿಟ್ಟು ಹೇಳಿ.