ಕೃಷ್ಣಾ ತೀರದಿಂದ ಆಕಾಶಮಾರ್ಗಕ್ಕೆ

ಸಾಂಗಲಿಯ ಸಮೀಪದಲ್ಲಿ, ಕೃಷ್ಣಾ ನದಿಯ ಬಯಲಿನಲ್ಲಿ ನಮ್ಮ ಕಸಬೆ ಡಿಗ್ರಜವಿದೆ. ಕಬ್ಬು, ಅರಿಸಿನ, ಸೋಯಾಬೀನು ಬೆಳೆಯುವ ಕಪ್ಪು ನೆಲವಿದು. ಇಲ್ಲಿಯ ಕೃಷಿ ಸಂಶೋಧನ ಕೇಂದ್ರದಲ್ಲಿ ರೂಪುಗೊಂಡ ಸೋಯಾಬೀನಿನ ತಳಿಗಳು ‘ಕೆ.ಡಿ.ಎಸ್.’ ಎಂಬ ಅಕ್ಷರಗಳಲ್ಲಿ ಊರಿನ ಹೆಸರನ್ನು ಹೊತ್ತು ದೂರದ ಹೊಲಗಳನ್ನು ಸೇರಿವೆ. ಅವುಗಳಂತೆಯೇ ಈ ಸೀಮೆಯ ಮಕ್ಕಳೂ ನೌಕರಿಗಾಗಿ ಬೆಂಗಳೂರು, ಹೈದರಾಬಾದು, ದುಬೈಗಳನ್ನು ಸೇರಿದ್ದಾರೆ. ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಮರಾಠಿಯನ್ನೂ ಆಡುವ ನಮ್ಮಂಥ ಕುಟುಂಬಗಳಿಗೆ ವಿಮಾನಯಾನವು ಈಗ ವೈಭವದ ಮಾತಾಗಿ ಉಳಿದಿಲ್ಲ; ಬಂಧುಗಳನ್ನು ಕಾಣುವ ದಾರಿಯಾಗಿದೆ. ಆದುದರಿಂದ ಆ ದಾರಿಯ ರೀತಿನೀತಿಗಳನ್ನು ಅರಿತಿರುವುದು ಲೇಸು.

ಸಾಂಗಲಿಗೆ ಸ್ವಂತ ವಿಮಾನಸೇವೆಯಿಲ್ಲ. ಕೊಲ್ಲಾಪುರದ ಉಜಳಾಯಿವಾಡಿ, ಬೆಳಗಾವಿಯ ಸಾಂಬ್ರಾ, ಪುಣೆಯ ಲೋಹಗಾಂವ್ ಇವೇ ನಮಗೆ ಆಸರೆ. ಎಂದರೆ, ನಮ್ಮ ಆಕಾಶಯಾನವು ನೆಲದ ಮೇಲೆಯೇ ಆರಂಭವಾಗುತ್ತದೆ. 2019ರ ಆಗಸ್ಟಿನಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ಕೃಷ್ಣೆಯು 57 ಅಡಿಗಳನ್ನು ಮೀರಿ ಹರಿದಳು. ಕೊಲ್ಲಾಪುರದ ಬಳಿ ಪುಣೆ-ಬೆಂಗಳೂರು ಹೆದ್ದಾರಿಯೂ ಮುಚ್ಚಿತು. 2021ರ ಜುಲೈಯಲ್ಲಿ ಮತ್ತೆ ಪ್ರವಾಹ ಬಂದಿತು. ಮಳೆಗಾಲದಲ್ಲಿ ಪ್ರಯಾಣ ಹೊರಡುವವರು ವಿಮಾನದ ವೇಳೆಯನ್ನು ನೋಡುವ ಮೊದಲು ನದಿಯ ಮಟ್ಟವನ್ನು ವಿಚಾರಿಸಬೇಕು. ಅಗತ್ಯಬಿದ್ದರೆ ಹಿಂದಿನ ದಿನವೇ ಹೊಳೆ ದಾಟಿ, ಬಂಧುಗಳ ಮನೆಯಲ್ಲಿ ತಂಗುವುದು ಜಾಣತನ.

ಗಡಿನಾಡಿನವರಿಗೆ ಹೆಸರಿನ ತೊಡಕು ವಿಶೇಷವಾದುದು. ಮಹಾರಾಷ್ಟ್ರದ ಕಾಗದಪತ್ರಗಳಲ್ಲಿ ಅಡ್ಡಹೆಸರು ಮೊದಲು ಬಂದು, ಹೆಸರು, ತಂದೆಯ ಹೆಸರು ಹಿಂದೆ ಬರುವುದುಂಟು. ಕರ್ನಾಟಕದಲ್ಲಿ ಹೆಸರಿಗೆ ಮೊದಲಕ್ಷರಗಳನ್ನಷ್ಟೇ ಸೇರಿಸುವುದುಂಟು. ಟಿಕೆಟಿನಲ್ಲಿ ಒಂದು, ಗುರುತುಪತ್ರದಲ್ಲಿ ಇನ್ನೊಂದು ಇದ್ದರೆ ಬಾಗಿಲಲ್ಲಿಯೇ ತಡೆಯಾದೀತು. ಟಿಕೆಟು ತೆಗೆಸುವಾಗ ಗುರುತುಪತ್ರವನ್ನು ಮುಂದಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ತಾಳೆ ನೋಡಬೇಕು. ಬೆಂಗಳೂರಿನಂಥ ನಿಲ್ದಾಣದಲ್ಲಿ ಎರಡು ಟರ್ಮಿನಲ್‌ಗಳಿರುವುದರಿಂದ ತಮ್ಮದು ಯಾವುದೆಂಬುದನ್ನೂ ಮೊದಲೇ ತಿಳಿದಿರಬೇಕು.

ಸಾಮಾನಿನ ವಿಷಯದಲ್ಲಿ ನಮ್ಮ ತಾಯಂದಿರ ಪ್ರೀತಿಗೂ ವಿಮಾನದ ತಕ್ಕಡಿಗೂ ಹೊಂದಾಣಿಕೆ ಸಾಲದು. ದೇಶದೊಳಗಿನ ಅಗ್ಗದ ಟಿಕೆಟುಗಳಲ್ಲಿ ಸಾಮಾನ್ಯವಾಗಿ ಕೈಚೀಲಕ್ಕೆ 7 ಕಿಲೋ, ಒಪ್ಪಿಸುವ ಪೆಟ್ಟಿಗೆಗೆ 15 ಕಿಲೋ ಮಿತಿ. ಮನೆಯಲ್ಲಿಯೇ ತೂಗಿ ನೋಡಿದರೆ ನಿಲ್ದಾಣದಲ್ಲಿ ಗಂಟು ಬಿಚ್ಚುವ ಪ್ರಸಂಗ ತಪ್ಪುತ್ತದೆ. ಉಪ್ಪಿನಕಾಯಿಯ ಭರಣಿ ಕೈಚೀಲದಲ್ಲಿ ಸಲ್ಲದು. ಭದ್ರವಾಗಿ ಕಟ್ಟಿ ಪೆಟ್ಟಿಗೆಯಲ್ಲಿಡಬೇಕು. ಒಣಕೊಬ್ಬರಿಯಲ್ಲಿ ಎಣ್ಣೆಯಂಶ ಹೆಚ್ಚು. ಬೆಂಕಿ ಹತ್ತುವ ಭಯವಿರುವುದರಿಂದ ಅದನ್ನು ಮನೆಯಲ್ಲಿ ಬಿಡುವುದೇ ಕ್ಷೇಮ. ಮೊಬೈಲಿಗೆ ಶಕ್ತಿ ತುಂಬುವ ಪವರ್ ಬ್ಯಾಂಕ್ ಮಾತ್ರ ಇದಕ್ಕೆ ವಿರುದ್ಧ: ಅದು ಪೆಟ್ಟಿಗೆಯಲ್ಲಿ ಇರಕೂಡದು, ಕೈಚೀಲದಲ್ಲಿಯೇ ಇರಬೇಕು. ನಿತ್ಯದ ಔಷಧಿಗಳೂ ವೈದ್ಯರ ಚೀಟಿಯೂ ಕೈಗೆ ಸಿಗುವಂತಿರಲಿ.

ಆರೋಗ್ಯದ ಕಡೆಗೂ ಗಮನ ಬೇಕು. ಎತ್ತರದಲ್ಲಿ ವಿಮಾನದೊಳಗಿನ ಗಾಳಿಯ ಒತ್ತಡವು ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು. ಗಾಳಿಯೂ ಬಹಳ ಒಣಗಿರುತ್ತದೆ. ಆಗಾಗ ನೀರು ಕುಡಿಯಬೇಕು. ಇಳಿಯುವಾಗ ಕಿವಿ ಕಟ್ಟಿದರೆ ಉಗುಳು ನುಂಗಿದರೆ, ಇಲ್ಲವೆ ಆಕಳಿಸಿದರೆ ಸಡಿಲವಾಗುತ್ತದೆ. ಎಳೆಗೂಸಿಗೆ ಆಗ ಹಾಲುಣಿಸುವುದು ಒಳ್ಳೆಯದು. ದೀರ್ಘ ಪ್ರಯಾಣದಲ್ಲಿ ಕಾಲುಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಪಾದಗಳನ್ನು ಆಡಿಸುತ್ತಲೂ ಸಾಧ್ಯವಾದಾಗ ಎದ್ದು ನಡೆಯುತ್ತಲೂ ಇರಬೇಕು. ನಡೆಯಲಾರದ ಹಿರಿಯರಿಗೆ ಗಾಲಿಕುರ್ಚಿ ಬೇಕೆಂದು ಟಿಕೆಟಿನ ಜೊತೆಗೇ ತಿಳಿಸಿಡಬೇಕು. ಅದರಲ್ಲಿ ಸಂಕೋಚವೇನೂ ಇಲ್ಲ.

ಇವೆಲ್ಲವನ್ನೂ ಮೀರಿದ್ದು ಮನಸ್ಸಿನ ಸಿದ್ಧತೆ. ಮಂಜು, ಮಳೆ, ಯಂತ್ರದ ತಪಾಸಣೆ ಇವುಗಳಿಂದ ವಿಮಾನ ತಡವಾಗಬಹುದು. ತಡವಾಗಿ ತಲುಪುವುದು ನಷ್ಟವೇ ನಿಜ. ಅಪಾಯದಲ್ಲಿ ಹಾರುವುದು ಅದಕ್ಕಿಂತ ದೊಡ್ಡ ನಷ್ಟ. ತಡ ಹೆಚ್ಚಾದರೆ ಉಪಾಹಾರ ಕೇಳುವ, ಆರು ಗಂಟೆ ಮೀರಿದರೆ ಬೇರೆ ವಿಮಾನವನ್ನೋ ಹಣವನ್ನೋ ಕೇಳುವ ಹಕ್ಕನ್ನು ನಿಯಮಗಳೇ ಕೊಟ್ಟಿವೆ. ಹಕ್ಕನ್ನು ಬಿಡಬೇಕಾಗಿಲ್ಲ, ಆದರೆ ಮೇಜಿನ ಹಿಂದೆ ನಿಂತ ಹುಡುಗಿಯ ಮೇಲೆ ಕೂಗಾಡಿದರೆ ಮಂಜು ಕರಗದು.

ಪದೇ ಪದೇ ಹಾರುವವರಿಗೆ ನನ್ನದೊಂದು ವಿನಂತಿ. ನಿಮಗೆ ರೂಢಿಯಾದುದು ಪಕ್ಕದ ಆಸನದ ಅಜ್ಜಿಗೆ ಮೊದಲ ಅನುಭವವಾಗಿರಬಹುದು. ಘೋಷಣೆಗಳು ಹಿಂದಿ, ಇಂಗ್ಲಿಷುಗಳಲ್ಲಿ ಸಾಗುವಾಗ ಆಕೆ ಏನೂ ತಿಳಿಯದೆ ಸೆರಗನ್ನು ಬಿಗಿಹಿಡಿದು ಕುಳಿತಿರುತ್ತಾಳೆ. “ಅವ್ವಾ, ಬೆಲ್ಟು ಹೀಗ ಹಾಕ್ಕೋರಿ, ಅಂಜಬ್ಯಾಡ್ರಿ” ಎಂದು ನಮ್ಮ ಮಾತಿನಲ್ಲಿ ಹೇಳಿದರೆ ಆಕೆಯ ಎದೆಗೆ ಧೈರ್ಯ ಬರುತ್ತದೆ. ಮರಾಠಿ ಬಲ್ಲವಳಾದರೆ ಮರಾಠಿಯಲ್ಲಿಯೇ ಹೇಳಿರಿ. ಅಂಜಿಕೆ ಬಿಟ್ಟ ಹಿರಿಯರು ಮುಂದಿನ ಬಾರಿ ಮೊಮ್ಮಕ್ಕಳ ಮನೆಗೆ ತಾವಾಗಿಯೇ ಹೊರಡುತ್ತಾರೆ. ಎರಡು ಭಾಷೆಗಳ ನಡುವೆ ಬಾಳಿದ ಗಡಿನಾಡಿನವರಿಗಿಂತ ಈ ಕೆಲಸಕ್ಕೆ ಯೋಗ್ಯರು ಬೇರೆ ಯಾರು?