ನಮ್ಮ ಸಾಫ್ಟ್‌ಬಾಲ್ ತಂಡ ಹುಟ್ಟಿದ ಬಗೆ

 

‘ಹನಿ ಹನಿ ಸೇರಿದರೆ ಹಳ್ಳ, ತೆನೆ ತೆನೆ ಸೇರಿದರೆ ಬಳ್ಳ’ ಎಂಬ ಗಾದೆ ನಮಗೆಲ್ಲ ಗೊತ್ತೇ ಇದೆ. ಪರೀಕ್ಷೆಯಲ್ಲಿ ಅದನ್ನು ವಿಸ್ತರಿಸಿ ಬರೆದು ಅಂಕ ಪಡೆದವರೂ ನಾವೇ. ಆದರೆ ಒಂಬತ್ತು ಜನ ಹುಡುಗಿಯರನ್ನು ಒಂದು ಕಡೆ ಸೇರಿಸುವುದು ಎಷ್ಟು ಕಷ್ಟವೆಂಬುದು ತಿಳಿದದ್ದು ನಾವು ಸಾಫ್ಟ್‌ಬಾಲ್ ತಂಡ ಕಟ್ಟಲು ಹೊರಟಾಗ. ‘ಅದೇನದು ಸಾಫ್ಟ್‌ಬಾಲು?’ ಎಂದು ಈಗಲೂ ಕೇಳುವವರಿದ್ದಾರೆ. ಅವರಿಗಾಗಿ ಈ ಲೇಖನ.

ಮೊದಲು ಆಟದ ಬಗ್ಗೆ ಎರಡು ಮಾತು. 1887ರ ನವೆಂಬರ್ ತಿಂಗಳಲ್ಲಿ ಅಮೆರಿಕದ ಶಿಕಾಗೊ ನಗರದ ಒಂದು ಕ್ಲಬ್ಬಿನಲ್ಲಿ ಕೆಲವರು ಫುಟ್‌ಬಾಲ್ ಪಂದ್ಯದ ಫಲಿತಾಂಶಕ್ಕಾಗಿ ಕಾಯುತ್ತ ಕುಳಿತಿದ್ದರಂತೆ. ಸುದ್ದಿ ಬಂದ ಖುಷಿಗೆ ಒಬ್ಬ ಬಾಕ್ಸಿಂಗ್ ಕೈಗವಸನ್ನು ಎಸೆದ, ಇನ್ನೊಬ್ಬ ಅದನ್ನು ಕೋಲಿನಿಂದ ಹೊಡೆದ. ಅದನ್ನು ನೋಡಿದ ಜಾರ್ಜ್ ಹ್ಯಾನ್‌ಕಾಕ್ ಎಂಬವರು ಆ ಕೈಗವಸನ್ನೇ ಬಿಗಿಯಾಗಿ ಕಟ್ಟಿ ಚೆಂಡು ಮಾಡಿ, ಪೊರಕೆಯ ಹಿಡಿಯನ್ನು ಬ್ಯಾಟು ಮಾಡಿ ಒಳಾಂಗಣದಲ್ಲೇ ಆಟ ಹೂಡಿದರು. ‘ಸಾಫ್ಟ್‌ಬಾಲ್’ ಎಂಬ ಹೆಸರು ಬಂದದ್ದು 1926ರಲ್ಲಿ. ಒಲಿಂಪಿಕ್ಸ್‌ನಲ್ಲಿ 1996ರಿಂದ 2008ರವರೆಗೆ ಮಹಿಳೆಯರು ಇದನ್ನು ಆಡಿದರು. 2021ರಲ್ಲಿ ಟೋಕಿಯೊದಲ್ಲಿ ಜಪಾನಿನ ಮಹಿಳೆಯರು ಚಿನ್ನ ಗೆದ್ದರು.

ಆಟ ಹೀಗಿದೆ. ಒಂದು ತಂಡಕ್ಕೆ ಒಂಬತ್ತು ಜನ. ಚೆಂಡು ಎಸೆಯುವವಳು ಕೈಯನ್ನು ಕೆಳಗಿನಿಂದ ಬೀಸಿ ಎಸೆಯಬೇಕು. ಹೊಡೆದವಳು ಬ್ಯಾಟನ್ನು ಅಲ್ಲೇ ಬಿಟ್ಟು ಓಡಬೇಕು. 60 ಅಡಿಗೊಂದರಂತೆ ನಾಲ್ಕು ಮೂಲೆಗಳಿವೆ. ಮೂರನ್ನು ಮುಟ್ಟಿ, ಹೊರಟ ಜಾಗಕ್ಕೇ ತಿರುಗಿ ಬಂದರೆ ಒಂದು ರನ್. ಮೂವರು ಔಟಾದರೆ ಸರದಿ ಬದಲು. ಹೀಗೆ ಏಳು ಸಲ. ಚೆಂಡಿನ ಸುತ್ತಳತೆ 12 ಅಂಗುಲ. ಹೆಸರಿಗೆ ಮಾತ್ರ ಸಾಫ್ಟು, ಬರಿಗೈಯಲ್ಲಿ ಹಿಡಿದರೆ ಎರಡು ದಿನ ಪೆನ್ನು ಹಿಡಿಯಲಾಗುವುದಿಲ್ಲ!

ನಮ್ಮ ಶಾಲೆಯ ಮೈದಾನ ಸಂಜೆಯಾದರೆ ಹುಡುಗರ ಕ್ರಿಕೆಟ್ಟಿಗೇ ಸಾಲದು. ನಮ್ಮ ಪಾಲಿಗೆ ನೀರಿನ ಟ್ಯಾಂಕಿನ ಪಕ್ಕದ ಮೂಲೆ. ಕಳೆದ ವರ್ಷ ಪಿ.ಟಿ. ಸಾರ್ ಬಳ್ಳಾರಿಯಲ್ಲಿ ತರಬೇತಿ ಮುಗಿಸಿಕೊಂಡು ಬಂದು ಕರಿಹಲಗೆಯ ಮೇಲೆ ಈ ಆಟದ ಚಿತ್ರ ಬಿಡಿಸಿದರು. “ನೋಡ್ರಮ್ಮಾ, ಈ ಆಟ ಈ ಸುತ್ತಿನಾಗ ಯಾರೂ ಆಡಲ್ಲ. ನೀವೇ ಮೊದಲಾಗ್ರಿ” ಎಂದರು. ಯಾರೂ ಆಡದ ಆಟವಾದರೆ ಯಾರೂ ಕಸಿದುಕೊಳ್ಳಲಾರರು ಎಂದು ನಮಗೂ ಅನ್ನಿಸಿತು.

ಸಾಮಾನಿಗೆ ದುಡ್ಡಿರಲಿಲ್ಲ. ತಲಾ ಮೂವತ್ತು ರೂಪಾಯಿ ಹಾಕಿ ಒಂದೇ ಒಂದು ಚೆಂಡು ತಂದೆವು. 2023ರ ಜೂನ್ ತಿಂಗಳಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲವಲ್ಲ, ಆಧಾರ್ ಕಾರ್ಡು ತೋರಿಸಿ ಬಳ್ಳಾರಿಗೆ ಹೋಗಿಬಂದೆವು. ಬ್ಯಾಟು ನಮ್ಮೂರಿನದೇ. ಬಡಿಗೇರ ತಾತ ಬಳ್ಳಾರಿ ಜಾಲಿಯ ನೆಟ್ಟಗಿನ ತುಂಡೊಂದನ್ನು ಹುಡುಕಿ, ಬಾಚಿಯಿಂದ ಕೆತ್ತಿ, ಗಾಜಿನ ಚೂರಿನಿಂದ ಕೆರೆದು ಕೊಟ್ಟರು. ಹಿಡಿಗೆ ಸೈಕಲ್ ಟ್ಯೂಬು ಸುತ್ತಿದೆವು. ತೂಕ ಮಾತ್ರ ಒನಕೆಯಷ್ಟು! ಗೆಳತಿಯೊಬ್ಬಳ ಚಿಕ್ಕಮ್ಮ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಉಳಿದ ತುಂಡುಗಳನ್ನು ಎರಡು ಪದರ ಮಾಡಿ, ನಡುವೆ ಹತ್ತಿ ತುಂಬಿ, ದಬ್ಬಳದಿಂದ ಹೊಲಿದು ಕೈಗವಸು ಮಾಡಿದೆವು. ಮೂಲೆಗಳಿಗೆ ಅಕ್ಕಿ ಚೀಲದಲ್ಲಿ ಭತ್ತದ ಹೊಟ್ಟು ತುಂಬಿ ಇಟ್ಟೆವು. ಸಿರುಗುಪ್ಪದ ಕಡೆ ಹೊಟ್ಟಿಗೇನು ಬರ?

ಜಾಗಕ್ಕಾಗಿ ಎರಡು ವಾರ ಅಲೆದೆವು. ಕೊನೆಗೆ ನಮ್ಮ ದೊಡ್ಡಪ್ಪನ ಗದ್ದೆ ಸಿಕ್ಕಿತು. ಅದು ಕಾಲುವೆಯ ಕೊನೆಯಲ್ಲಿದೆ, ಎರಡನೇ ಬೆಳೆಗೆ ನೀರು ಬರುವುದಿಲ್ಲ. ಡಿಸೆಂಬರಿನಲ್ಲಿ ಭತ್ತ ಕೊಯ್ದ ಮೇಲೆ ಖಾಲಿ. ಕೂಳೆ ಕಿತ್ತು, ಎರೆಮಣ್ಣಿನ ಬಿರುಕು ತುಂಬಿ, ಹಗ್ಗದಿಂದ 60 ಅಡಿ ಅಳೆದೆವು.

ಎಲ್ಲವೂ ಆಯಿತು, ಜನ ಆಗಲಿಲ್ಲ. ಹೆಸರು ಕೊಟ್ಟವರು ಹನ್ನೆರಡು, ಬಂದವರು ಎಂಟು. ಒಬ್ಬಳ ಮನೆಯಲ್ಲಿ “ದೊಡ್ಡಾಕಿ ಆದ ಮ್ಯಾಲೆ ಗದ್ದೆಯಾಗ ಓಡ್ತಾಳೇನು?” ಎಂದರು. ಇನ್ನೊಬ್ಬಳಿಗೆ ತಮ್ಮನನ್ನು ಎತ್ತಿಕೊಳ್ಳುವ ಕೆಲಸ. ನಿಯಮದ ಪ್ರಕಾರ ಒಂಬತ್ತು ಜನ ಇಲ್ಲದಿದ್ದರೆ ಪಂದ್ಯ ಶುರುವಾಗುವುದೇ ಇಲ್ಲ. ಒಂಬತ್ತನೆಯವಳು ಹತ್ತನೇ ತರಗತಿಯ ಒಬ್ಬ ಅಕ್ಕ. ನಮ್ಮೆಲ್ಲರಿಗಿಂತ ಜೋರಾಗಿ ಓಡುವವಳು, ಆದರೆ ಮೆಣಸಿನಕಾಯಿ ಬಿಡಿಸುವ ಕಾಲ ಬಂದರೆ ರಜಾದಿನವೆಲ್ಲ ಕೂಲಿಗೆ ಹೋಗಬೇಕು.

ಫೆಬ್ರುವರಿಯಲ್ಲಿ ಕುರುಗೋಡು ಕಡೆಯ ಶಾಲೆಯೊಂದರ ಹುಡುಗಿಯರ ಜೊತೆ ನಮ್ಮ ಮೊದಲ ಪಂದ್ಯ ನಿಗದಿಯಾಯಿತು. ಅದೂ ಭಾನುವಾರ! ಕೇಳಲು ಹೋದ ನಮಗೆ ಆ ಅಕ್ಕನ ಅವ್ವ ಸಿಟ್ಟು ಮಾಡಲಿಲ್ಲ. “ಆಡ್ಲಿ ಅಂತ ನನಗೂ ಆಸೆ ಐತೆ ಕಣವ್ವಾ. ಆದ್ರೆ ನಾವು ಗುತ್ತಿಗೆ ಹಿಡಿದೀವಿ, ನಾಲ್ಕು ಸಾಲು ಉಳಿದಾವೆ. ಅವನ್ನ ಯಾರು ಬಿಡಿಸ್ತಾರೆ?” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ದಾರಿಯಲ್ಲಿ ಬರುವಾಗ ಸದಾ ಸುಮ್ಮನಿರುವ ನಮ್ಮ ಕ್ಯಾಚರ್ “ನಾಲ್ಕೇ ಸಾಲಲ್ಲೇನ್ರೇ? ನಮಗೆ ಹದಿನಾರು ಕೈ ಇಲ್ಲವಾ?” ಅಂದಳು.

ಶನಿವಾರ ಬೆಳಗಿನ ಶಾಲೆ ಬಿಟ್ಟ ತಕ್ಷಣ ಎಂಟೂ ಜನ ಆ ಹೊಲಕ್ಕೆ ಇಳಿದೆವು. ಹೊತ್ತು ಮುಳುಗುವಷ್ಟರಲ್ಲಿ ನಾಲ್ಕು ಸಾಲೂ ಮುಗಿದವು. ಕೈ ಉರಿ ರಾತ್ರಿಯೆಲ್ಲ ಇಳಿಯಲಿಲ್ಲ. ಎಣ್ಣೆ ಹಚ್ಚಿದೆವು, ಮಜ್ಜಿಗೆಯಲ್ಲಿ ಅದ್ದಿದೆವು, ಏನೂ ನಡೆಯಲಿಲ್ಲ. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಎಣಿಸಿದರೆ ಒಂಬತ್ತು ಜನ ಇದ್ದೆವು. ನನ್ನ ಪ್ರಕಾರ ನಮ್ಮ ತಂಡ ಹುಟ್ಟಿದ್ದು ಚೆಂಡು ತಂದ ದಿನವಲ್ಲ, ಆ ಶನಿವಾರ.

ಪಂದ್ಯದಲ್ಲಿ 14–5ರಿಂದ ಸೋತೆವು. ಐದರಲ್ಲಿ ಎರಡು ರನ್ ಆ ಅಕ್ಕನವೇ. ಎದುರಿನವರು ನಮ್ಮ ಜೀನ್ಸ್ ಕೈಗವಸು ನೋಡಿ ಮೊದಲು ನಕ್ಕರು, ಆಮೇಲೆ ಹೇಗೆ ಹೊಲಿದಿರಿ ಎಂದು ಕೇಳಿ ಬರೆದುಕೊಂಡರು. ಬರುವಾಗ ಕುರುಗೋಡಿನ ದೊಡ್ಡ ಬಸವೇಶ್ವರನಿಗೆ ಕೈಮುಗಿದು, ಮಂಡಕ್ಕಿ ಮಿರ್ಚಿ ತಿಂದು ಸಂಜೆ ಬಸ್ಸಿಗೆ ಊರು ಸೇರಿದೆವು. ಮಿರ್ಚಿ ಮುಟ್ಟಲು ಮಾತ್ರ ಎಲ್ಲರಿಗೂ ಭಯ!

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಒಂಬತ್ತು ಜನರಲ್ಲಿ ನಾಲ್ವರು ಈ ವರ್ಷ ಹತ್ತನೇ ತರಗತಿ ಮುಗಿಸಿ ಹೋಗುತ್ತಾರೆ. ಇಬ್ಬರು ಸಿರುಗುಪ್ಪದ ಕಾಲೇಜಿಗೆ, ಒಬ್ಬರು ಬಳ್ಳಾರಿಗೆ. ಎರಡು ರನ್ ಹೊಡೆದ ಅಕ್ಕನನ್ನು ಮುಂದೆ ಓದಿಸುವುದೋ ಬೇಡವೋ ಎಂದು ಅವರ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಮಳೆಗಾಲದಲ್ಲಿ ಕಾಲುವೆಗೆ ನೀರು ಬಿಟ್ಟರೆ ದೊಡ್ಡಪ್ಪ ನಾಟಿ ಮಾಡುತ್ತಾರೆ, ನಮ್ಮ ಮೈದಾನ ನೀರಿನಲ್ಲಿ ಮುಳುಗುತ್ತದೆ. ಆಗ ಉಳಿಯುವುದು ಐದು ಜನ, ಒಂದು ಚೆಂಡು.

ಆದ್ದರಿಂದ 8ನೇ ತರಗತಿಯ ತಂಗಿಯರೇ, ನಾಲ್ಕು ಜಾಗ ಖಾಲಿ ಇವೆ. ಆಟ ಬರದಿದ್ದರೂ ಚಿಂತೆಯಿಲ್ಲ, ನಮಗೂ ಬರುತ್ತಿರಲಿಲ್ಲ. ದಿನಾ ಬರುತ್ತೇನೆ ಎಂಬ ಮಾತು ಕೊಟ್ಟರೆ ಸಾಕು. ಮನೆಯಲ್ಲಿ ಕೆಲಸವಿದ್ದರೆ ಮೊದಲೇ ಹೇಳಿ, ಹೇಗೂ ಕೈಗಳಿವೆ. ಹುಡುಗರಲ್ಲಿ ಹಾಗೂ ಮುಖ್ಯ ಗುರುಗಳಲ್ಲಿ ಒಂದು ವಿನಂತಿ: ಜೂನ್ ತಿಂಗಳಿನಿಂದ ಮಂಗಳವಾರ ಮತ್ತು ಶುಕ್ರವಾರ ಸಂಜೆ ಶಾಲಾ ಮೈದಾನವನ್ನು ನಮಗೆ ಬಿಟ್ಟುಕೊಡಬೇಕು. ಉಳಿದ ದಿನ ನಿಮ್ಮ ಕ್ರಿಕೆಟ್ ಚೆಂಡು ಟ್ಯಾಂಕಿನ ಮೂಲೆಗೆ ಬಂದರೆ ನಾವೇ ಹಿಡಿದು ಕೊಡುತ್ತೇವೆ, ಕೈಗವಸು ಹಾಕಿಕೊಂಡು!

— 9ನೇ ತರಗತಿಯ ವಿದ್ಯಾರ್ಥಿನಿ